ಬೆರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಬಿಡುವಿನ ದಿನ: ಯಾವ ಹಸಿರು ಯಾರಿಗೆ?

ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಕೌಂಟಿಯಲ್ಲಿರುವ ಬೆರಿ ಸೇಂಟ್ ಎಡ್ಮಂಡ್ಸ್ ಇಂದಿಗೂ ಬುಧವಾರ ಮತ್ತು ಶನಿವಾರ ಸಂತೆ ನೆರೆಯುವ ಊರು. ಕೇಂಬ್ರಿಡ್ಜ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ್ದರಿಂದ ಅಲ್ಲಿ ಕೆಲಸ ಮಾಡುವವರು ಇಲ್ಲಿ ಮನೆ ಮಾಡುವುದುಂಟು. ಊರಿನ ದಕ್ಷಿಣದ ಅಂಚಿನಲ್ಲಿರುವ ವೆಸ್ಟ್ ಸಫೋಕ್ ಆಸ್ಪತ್ರೆಯ ಕೆಲಸಕ್ಕೆಂದು ಬಂದು ನೆಲೆಸುವವರೂ ಇದ್ದಾರೆ. ಹೀಗೆ ಹೊಸದಾಗಿ ಬಂದ ಕನ್ನಡದ ಕುಟುಂಬಗಳಿಂದ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ವಾರದ ಕೊನೆಗೆ ಊರೊಳಗಿನ ಉದ್ಯಾನವೇ ಸಾಕೇ, ಹಳೆಯ ಅರಮನೆ, ಉದ್ಯಾನಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯತ್ವಕ್ಕೆ ಹಣ ಕೊಡಬೇಕೇ, ಕಾರಿಲ್ಲದೆ ಎಲ್ಲಿಗೆ ಹೋಗಬಹುದು, ಊರಿಂದ ಬರುವ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದೊಯ್ಯಬೇಕು? ಪ್ರವಾಸದ ಕೈಪಿಡಿಗಳು ಎಲ್ಲ ಜಾಗಗಳನ್ನೂ ಸಮನಾಗಿ ಹೊಗಳುವುದರಿಂದ ಅವುಗಳಿಂದ ಆಯ್ಕೆಗೆ ನೆರವಾಗುವುದಿಲ್ಲ. ಜಾಗದ ಹೆಸರು ಎಷ್ಟು ದೊಡ್ಡದು ಎಂಬುದಕ್ಕಿಂತ ಕಾಲಡಿಯ ಮಣ್ಣು ಎಂಥದ್ದು, ಅಲ್ಲಿಗೆ ಹೋಗುವುದು ಹೇಗೆ, ಜೊತೆಗೆ ಯಾರು ಬರುತ್ತಾರೆ ಎಂಬಂಥ ಸಂಗತಿಗಳೇ ಇಲ್ಲಿ ದಿನ ಚೆನ್ನಾಗಿ ಕಳೆಯುವುದೋ ಕೆಡುವುದೋ ಎಂಬುದನ್ನು ನಿರ್ಧರಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಅಳತೆಗೋಲುಗಳು

ಮಣ್ಣಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೊಸಬರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆರಿ ಊರು ಎರಡು ಬಗೆಯ ನೆಲಗಳ ಗಡಿಯಲ್ಲಿ ಕುಳಿತಿದೆ. ವಾಯವ್ಯಕ್ಕೆ ಹೋದರೆ ಬ್ರೆಕ್‌ಲ್ಯಾಂಡ್ ಎಂದು ಕರೆಯುವ ಮರಳುಮಣ್ಣಿನ ಸೀಮೆ. ದಕ್ಷಿಣಕ್ಕೂ ನೈಋತ್ಯಕ್ಕೂ ಹಿಮಯುಗದ ಹಿಮನದಿಗಳು ಬಿಟ್ಟುಹೋದ ಅಂಟು ಜೇಡಿಮಣ್ಣು. ಇಂಗ್ಲೆಂಡಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಭಾಗಗಳಲ್ಲಿ ಇದೂ ಒಂದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅಂದರೆ ಬೆಂಗಳೂರಿಗಿಂತಲೂ ಕಡಿಮೆ. ಆದರೆ ಬೆಂಗಳೂರಿನಲ್ಲಿ ಸಂಜೆ ಸುರಿದ ಮಳೆಯ ನೀರು ಮರುದಿನದ ಬಿಸಿಲಿಗೆ ಆರಿಹೋಗುತ್ತದೆ. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿಗೆ ಆ ಶಕ್ತಿ ಇರುವುದಿಲ್ಲ, ಹಾಗಾಗಿ ಜೇಡಿಮಣ್ಣಿನ ಮೇಲೆ ಬಿದ್ದ ಹನಿ ವಾರಗಟ್ಟಲೆ ಅಲ್ಲೇ ನಿಲ್ಲುತ್ತದೆ. ಮರಳಿನ ಸೀಮೆಯಲ್ಲಿ ಅದೇ ಮಳೆ ಕೆಲವು ಗಂಟೆಗಳಲ್ಲಿ ಇಂಗಿಹೋಗುತ್ತದೆ. ಒಂದೇ ಭಾನುವಾರ, ಒಂದೇ ಮೋಡದ ಕೆಳಗೆ, ಊರಿನ ಒಂದು ಬದಿಯಲ್ಲಿ ಮಾಮೂಲಿ ಶೂಗಳಲ್ಲಿ ನಡೆಯಬಹುದು, ಇನ್ನೊಂದು ಬದಿಯಲ್ಲಿ ಮೊಣಕಾಲುದ್ದದ ರಬ್ಬರ್ ಬೂಟುಗಳಿಲ್ಲದೆ ಆಗುವುದಿಲ್ಲ.

ಎರಡನೆಯದು ಬೆಳಕು. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಸೂರ್ಯ ಮುಳುಗಿರುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗಿಬಿಡುತ್ತಾನೆ. ಊಟ ಮುಗಿಸಿ ನಿಧಾನವಾಗಿ ಹೊರಡೋಣ ಎನ್ನುವ ನಮ್ಮ ಭಾನುವಾರದ ರೂಢಿ ಚಳಿಗಾಲದಲ್ಲಿ ದೂರದ ಜಾಗಗಳಿಗೆ ಒಗ್ಗುವುದಿಲ್ಲ. ಮೂರನೆಯದು ಖರ್ಚು, ಇದರಲ್ಲಿ ಪ್ರವೇಶ, ಪಾರ್ಕಿಂಗ್, ಅಲ್ಲಿನ ಕೆಫೆಯಲ್ಲಿ ಆಗುವ ಬಿಲ್ಲು ಮೂರನ್ನೂ ಸೇರಿಸಬೇಕು, ಏಕೆಂದರೆ ನಾಲ್ಕು ಜನರ ಕುಟುಂಬಕ್ಕೆ ಕೊನೆಯದೇ ಹಲವು ಬಾರಿ ದೊಡ್ಡ ಮೊತ್ತವಾಗುತ್ತದೆ. ನಾಲ್ಕನೆಯದು ಕಾರಿಲ್ಲದವರ ದಾರಿ. ಸುತ್ತಲಿನ ಹಳ್ಳಿಗಳ ಬಸ್ಸುಗಳು ವಾರದ ದಿನಗಳಲ್ಲಿ ಉಪಯೋಗಕ್ಕೆ ಬಂದರೂ ಭಾನುವಾರದ ಬಸ್ಸನ್ನು ನಂಬಿಕೊಂಡು ಯೋಜನೆ ಹಾಕಬಾರದು. ಕೊನೆಯದಾಗಿ ಶೌಚಾಲಯ, ಬೆಂಚು, ನೆರಳು ಮತ್ತು ಸಮತಟ್ಟಾದ ದಾರಿ. ಮಂಡಿನೋವಿನ ಹಿರಿಯರೋ ತಳ್ಳುಗಾಡಿಯ ಮಗುವೋ ಜೊತೆಗಿದ್ದರೆ ಉಳಿದೆಲ್ಲ ಅಳತೆಗಳಿಗಿಂತ ಇದೇ ಮುಂದೆ ಬರುತ್ತದೆ.

ಊರ ನಡುವಿನ ಆ್ಯಬಿ ಗಾರ್ಡನ್ಸ್

ಏಂಜೆಲ್ ಹಿಲ್ ಎಂಬ ಚೌಕದಿಂದ ಹದಿನಾಲ್ಕನೆಯ ಶತಮಾನದ ಭಾರೀ ಕಲ್ಲಿನ ಹೆಬ್ಬಾಗಿಲನ್ನು ದಾಟಿದರೆ ಸುಮಾರು 14 ಎಕರೆಯ ಈ ಉದ್ಯಾನ ತೆರೆದುಕೊಳ್ಳುತ್ತದೆ. ಪ್ರವೇಶ ಉಚಿತ. 869ರಲ್ಲಿ ಡೇನರ ಕೈಯಲ್ಲಿ ಹತನಾದ ಎಡ್ಮಂಡ್ ರಾಜನ ಸಮಾಧಿಯಿಂದಾಗಿ ಬೆಳೆದ, ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ ಇಲ್ಲಿತ್ತು. 1020ರಲ್ಲಿ ಕನ್ಯೂಟ್ ದೊರೆಯ ಆಶ್ರಯದಲ್ಲಿ ಸ್ಥಾಪನೆಯಾದ ಅದು 1539ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಿತು. ಆಮೇಲೆ ಊರ ಜನ ಅದರ ಕೆತ್ತಿದ ಕಲ್ಲುಗಳನ್ನೆಲ್ಲ ತಮ್ಮ ಕಟ್ಟಡಗಳಿಗೆ ಹೊತ್ತುಕೊಂಡು ಹೋದದ್ದರಿಂದ ಈಗ ಉಳಿದಿರುವುದು ಗೋಡೆಗಳ ಒಳತಿರುಳು ಮಾತ್ರ. ಹತ್ತಿರ ಹೋಗಿ ನೋಡಿದರೆ ಗಾರೆಯಲ್ಲಿ ಒತ್ತಿಟ್ಟ ಕಪ್ಪು ಬಿಳಿ ಚಕಮಕಿ ಕಲ್ಲುಗಳು ಒಂದೊಂದಾಗಿ ಕಾಣುತ್ತವೆ. ಮಠದ ಚರ್ಚಿನ ಪಶ್ಚಿಮ ಮುಖದ ಅವಶೇಷದೊಳಗೆ ಮನೆಗಳನ್ನೇ ಕಟ್ಟಿಕೊಂಡಿದ್ದಾರೆ. ಪಾಳುಗೋಡೆಯ ಕಮಾನಿನ ನಡುವೆ ಕಿಟಕಿ, ಪರದೆ, ಬಾಗಿಲು ಎಲ್ಲವನ್ನೂ ನೋಡಬಹುದು.

1831ರಲ್ಲಿ ನಥಾನಿಯಲ್ ಹಾಡ್ಸನ್ ಇಲ್ಲಿ ಸಸ್ಯೋದ್ಯಾನವನ್ನು ರೂಪಿಸಿದ. ಇಂದಿನ ವೃತ್ತಾಕಾರದ ಹೂಪಾತಿಗಳು ಆ ವಿನ್ಯಾಸದ ಮುಂದುವರಿಕೆ. ಬೇಸಿಗೆಯಲ್ಲಿ ಇವುಗಳ ಮುಂದೆ ನಿಂತರೆ ಲಾಲ್‌ಬಾಗಿನ ಪುಷ್ಪಪ್ರದರ್ಶನದ ಗಾಜಿನಮನೆಯನ್ನು ನೋಡಿ ಬೆಳೆದವರಿಗೆ ಮನಸ್ಸು ತುಂಬುತ್ತದೆ. ಇನ್ನೊಂದು ಮೂಲೆಯ ಗುಲಾಬಿ ತೋಟವನ್ನು ಹಲವರು ಗಮನಿಸದೆ ದಾಟಿಹೋಗುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಹತ್ತಿರದ ಲ್ಯಾವೆನಂ ವಾಯುನೆಲೆಯಲ್ಲಿದ್ದ ಅಮೆರಿಕದ ಸೈನಿಕ ಜಾನ್ ಆ್ಯಪಲ್‌ಬಿ, ಸಫೋಕ್ ಬಗ್ಗೆ ತಾನು ಬರೆದ ಪುಸ್ತಕದ ಗೌರವಧನವನ್ನು ಈ ತೋಟಕ್ಕೆ ಬಿಟ್ಟುಕೊಟ್ಟ. ಅಲ್ಲಿರುವ ಒಂದು ಬೆಂಚನ್ನು ಅಮೆರಿಕದ ಬಾಂಬರ್ ವಿಮಾನದ ರೆಕ್ಕೆಯ ಲೋಹದಿಂದ ಮಾಡಿದ್ದಾರೆ. ಊರಿಂದ ಬಂದ ಹಿರಿಯರಿಗೆ ಕುಳಿತುಕೊಳ್ಳಲು ಇಡೀ ಉದ್ಯಾನದಲ್ಲಿ ಇದಕ್ಕಿಂತ ಪ್ರಶಾಂತವಾದ ಜಾಗವನ್ನು ನಾನು ಕಂಡಿಲ್ಲ.

ಅಳತೆಗೋಲುಗಳಿಗೆ ಹಚ್ಚಿ ನೋಡಿದರೆ ಈ ಉದ್ಯಾನಕ್ಕೆ ಸರಿಸಾಟಿ ಇಲ್ಲ. ಮುಖ್ಯ ದಾರಿಗಳು ಗಟ್ಟಿಯಾಗಿರುವುದರಿಂದ ಮಳೆಗಾಲ, ಚಳಿಗಾಲ ಎನ್ನದೆ ನಡೆಯಬಹುದು. ಮಕ್ಕಳ ಆಟದ ಜಾಗ, ಶೌಚಾಲಯ ಎರಡೂ ಒಳಗೇ ಇವೆ. ಪಕ್ಕದ ಕೆಥೆಡ್ರಲ್ ಆವರಣದಲ್ಲಿ ಕೆಫೆ ಇದೆ. ರೈಲು ನಿಲ್ದಾಣದಿಂದ ನಡೆದೇ ಬರಬಹುದು. ಹೆಬ್ಬಾಗಿಲಿನಿಂದ ಲಾರ್ಕ್ ನದಿಯ ಕಡೆಗೆ ಸ್ವಲ್ಪ ಇಳಿಜಾರಿದೆ, ಅದು ಗಾಲಿಕುರ್ಚಿಗೂ ಕಷ್ಟವೆನಿಸುವಷ್ಟಿಲ್ಲ. ಕೊರತೆಗಳೂ ಇವೆ. ಸಂತೆಯ ಶನಿವಾರ ಬಿಸಿಲು ಬಿದ್ದರೆ ಹುಲ್ಲಿನ ಮೇಲೆ ಚಾಪೆ ಹಾಸಲು ಜಾಗ ಹುಡುಕಬೇಕಾಗುತ್ತದೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಓಡಲು, ಸೈಕಲ್ ತುಳಿಯಲು ಇದು ಸಾಲದು. ಕತ್ತಲಾಗುವ ಹೊತ್ತಿಗೆ ಬಾಗಿಲು ಹಾಕುವುದರಿಂದ ಚಳಿಗಾಲದಲ್ಲಿ ಕೆಲಸ ಮುಗಿಸಿ ಬರುವವರಿಗೆ ಸಿಗುವುದಿಲ್ಲ. ವಾಕಿಂಗ್ ಇನ್ನೂ ಬೇಕು ಎನ್ನುವವರು ಉದ್ಯಾನದ ಹೊರಗೆ ದಕ್ಷಿಣಕ್ಕೆ ಚಾಚಿರುವ ನೋ ಮ್ಯಾನ್ಸ್ ಮೆಡೋಸ್ ಹುಲ್ಲುಗಾವಲಿಗೆ ಇಳಿಯಬಹುದು. ಆದರೆ ಅದು ನದಿ ಉಕ್ಕಿದಾಗ ನೀರು ನಿಲ್ಲುವ ನೆಲ, ಹಾಗಾಗಿ ಬೇಸಿಗೆಯ ಮಾತು.

ದಕ್ಷಿಣದ ಎರಡು: ಹಾರ್ಡ್‌ವಿಕ್ ಹೀತ್, ನೌಟನ್ ಪಾರ್ಕ್

ಹಾರ್ಡ್‌ವಿಕ್ ಹೀತ್ ಆಸ್ಪತ್ರೆಗೆ ಅಂಟಿಕೊಂಡಿರುವ ಬಯಲು. ಲೆಬನಾನ್ ಸೀಡರ್ ಜಾತಿಯ ಹಳೆಯ ಬೃಹತ್ ಮರಗಳು ಇದರ ಹೆಮ್ಮೆ. ದಿನವಿಡೀ ಕಳೆಯುವಷ್ಟು ಇಲ್ಲಿ ಏನೂ ಇಲ್ಲ, ಆದರೆ ಪಾಳಿ ಮುಗಿಸಿ ಬರುವ ನರ್ಸ್‌ಗೋ ವಾರ್ಡಿನಲ್ಲಿ ಮಲಗಿರುವವರನ್ನು ನೋಡಲು ಬಂದವರಿಗೋ ಅರ್ಧ ಗಂಟೆಯ ನಡಿಗೆಗೆ ಇಷ್ಟು ಹತ್ತಿರದ ಹಸಿರು ಬೇರೆ ಇಲ್ಲ.

ನೌಟನ್ ಪಾರ್ಕ್ ಊರ ನಡುವಿನಿಂದ ಎರಡು ಮೈಲಿ. ಸುಮಾರು 200 ಎಕರೆಯ ಈ ಜಾಗ ಹಿಂದೆ ಓಕ್ಸ್ ಎಂಬ ಬ್ಯಾಂಕರ್ ಕುಟುಂಬದ ಎಸ್ಟೇಟ್ ಆಗಿತ್ತು, ಈಗ ಕೌನ್ಸಿಲ್ಲಿನದು. ದಾರಿಯ ಎರಡೂ ಬದಿಗೆ ಲಿಂಡನ್ ಮರಗಳ ಸಾಲು, ಅವುಗಳ ಬುಡದಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಹಳದಿ ಡ್ಯಾಫೋಡಿಲ್ ಹೂಗಳ ರಾಶಿ. ಇದನ್ನು ನೋಡಲೆಂದೇ ಜನ ಬರುತ್ತಾರೆ. ಹಾರ್ನ್‌ಬೀಮ್ ಗಿಡಗಳನ್ನು ಬೇಲಿಯಾಗಿ ಬೆಳೆಸಿ ಮಾಡಿದ ಚಕ್ರವ್ಯೂಹವೊಂದಿದೆ. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅದೊಂದೇ ಸಾಕು, ಒಂದು ಗಂಟೆ ಹಿಡಿದಿಡುತ್ತದೆ. ಬಗೆಬಗೆಯ ಮರಗಳ ಸಂಗ್ರಹ, ಆಟದ ಮೈದಾನ, ಮಕ್ಕಳ ಆಟದ ಜಾಗ ಇವೆ. ಪ್ರವೇಶಕ್ಕೆ ಹಣವಿಲ್ಲ, ಪಾರ್ಕಿಂಗ್ ಫಲಕವನ್ನು ಮಾತ್ರ ಇಳಿದ ಕೂಡಲೇ ಓದಿಕೊಳ್ಳಬೇಕು.

ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ ಪಾರ್ಕ್‌ರನ್ ನಡೆಯುತ್ತದೆ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ ಆರಂಭವಾದ ಈ ಐದು ಕಿಲೋಮೀಟರ್ ಓಟಕ್ಕೆ ಶುಲ್ಕವಿಲ್ಲ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಇಟ್ಟುಕೊಂಡರೆ ಯಾವ ಊರಿನಲ್ಲಿ ಬೇಕಾದರೂ ಓಡಬಹುದು, ನಡೆಯಲೂಬಹುದು. ಹೊಸ ಊರಿನಲ್ಲಿ ಪರಿಚಯವಿಲ್ಲದೆ ಒಂಟಿಯಾಗಿರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಇಲ್ಲಿನ ಜನ ಅಪರಿಚಿತರೊಡನೆ ತಾವಾಗಿ ಮಾತಿಗಿಳಿಯುವ ಜಾಗಗಳು ಕಡಿಮೆ, ಇದು ಅಂಥ ಒಂದು ಜಾಗ. ಕೊರತೆ ಎಂದರೆ ನೆಲ. ಡಾಂಬರು ಇಲ್ಲದ ದಾರಿಗಳು ಜನವರಿ, ಫೆಬ್ರವರಿಯಲ್ಲಿ ಕೆಸರಾಗುತ್ತವೆ. ಮುಖ್ಯ ದಾರಿಗಳನ್ನು ಬಿಟ್ಟು ತಳ್ಳುಗಾಡಿಯನ್ನು ಒಯ್ದರೆ ಗಾಲಿಗಳನ್ನು ತೊಳೆಯುವುದೇ ಸಂಜೆಯ ಕೆಲಸವಾಗುತ್ತದೆ.

ಹಣ ಕೊಟ್ಟು ಹೋಗುವ ಇಕ್‌ವರ್ತ್

ನೈಋತ್ಯಕ್ಕೆ ಮೂರು ಮೈಲಿ, ಹಾರಿಂಜರ್ ಹಳ್ಳಿಯ ಪಕ್ಕದಲ್ಲಿ ಸುಮಾರು 1,800 ಎಕರೆಯ ಎಸ್ಟೇಟ್. ಬ್ರಿಸ್ಟಲ್ಲಿನ ನಾಲ್ಕನೆಯ ಅರ್ಲ್ ಮತ್ತು ಡೆರಿಯ ಬಿಷಪ್ ಎರಡೂ ಆಗಿದ್ದ ಫ್ರೆಡರಿಕ್ ಹರ್ವಿ, ಇಟಲಿಯಲ್ಲಿ ಕೊಂಡ ಕಲಾಕೃತಿಗಳನ್ನು ಇಡಲೆಂದು 1795ರಲ್ಲಿ ನೂರು ಅಡಿಯಷ್ಟು ಎತ್ತರದ ದುಂಡು ಅರಮನೆಯೊಂದನ್ನು ಕಟ್ಟಿಸತೊಡಗಿದ. ಆ ಸಂಗ್ರಹವನ್ನು ಫ್ರೆಂಚ್ ಸೈನ್ಯ ರೋಮಿನಲ್ಲಿ ವಶಪಡಿಸಿಕೊಂಡಿತು. ಮನೆ ಮುಗಿಯುವ ಮೊದಲೇ, 1803ರಲ್ಲಿ, ಅವನು ಇಟಲಿಯಲ್ಲಿ ತೀರಿಕೊಂಡ. 1956ರಿಂದ ಇದು ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ಇಟಲಿಯ ಮಾದರಿಯ ಉದ್ಯಾನ, ಗೋಡೆಯೊಳಗಿನ ತೋಟ, ಕುರಿಗಳು ಮೇಯುವ ವಿಶಾಲ ಹುಲ್ಲುಗಾವಲು, ಓಕ್ ಮರಗಳ ಕಾಡು, ಸೈಕಲ್ ದಾರಿ, ಕೆಫೆ ಎಲ್ಲ ಸೇರಿ ಇಡೀ ದಿನಕ್ಕೆ ಸಾಕಾಗುವ ಜಾಗ ಇದೊಂದೇ.

ಪ್ರಶ್ನೆ ಹಣದ್ದು. ಸದಸ್ಯರಲ್ಲದವರು ಪ್ರತಿ ಸಲವೂ ಟಿಕೆಟ್ ಕೊಳ್ಳಬೇಕು, ಸದಸ್ಯರಿಗೆ ಪ್ರವೇಶ ಉಚಿತ. ಇಬ್ಬರು ದೊಡ್ಡವರು ಮತ್ತು ಮಕ್ಕಳಿರುವ ಕುಟುಂಬಕ್ಕೆ ವರ್ಷದ ಸದಸ್ಯತ್ವದ ಹಣ ಸ್ಥೂಲವಾಗಿ ನಾಲ್ಕೈದು ಭೇಟಿಗಳ ಟಿಕೆಟ್‌ಗೆ ಸಮನಾಗುತ್ತದೆ. ಅದೇ ಕಾರ್ಡು ಕೇಂಬ್ರಿಡ್ಜ್ ಬಳಿಯ ಆಂಗಲ್ಸಿ ಆ್ಯಬಿ ಮತ್ತು ವಿಂಪೋಲ್, ಇತ್ತ ಲ್ಯಾವೆನಂ ಗಿಲ್ಡ್‌ಹಾಲ್‌ಗಳಿಗೂ ನಡೆಯುವುದರಿಂದ, ಕಾರಿದ್ದು ತಿಂಗಳಿಗೊಮ್ಮೆಯಾದರೂ ಹೊರಗೆ ಹೋಗುವವರಿಗೆ ಅದು ಲಾಭವೇ. ಕಾರಿಲ್ಲದವರಿಗೆ ಈ ಲೆಕ್ಕ ಕೂಡುವುದಿಲ್ಲ. ಅವರು ಹೂ ಬಿಡುವ ಕಾಲದಲ್ಲಿ ಒಂದೆರಡು ಸಲ ಟಿಕೆಟ್ ಕೊಂಡು ಹೋಗುವುದೇ ಮೇಲು. ಒಂದು ಸಂಗತಿಯನ್ನು ಬಹಳ ಜನ ಬಾಗಿಲಲ್ಲಿ ನಿಂತ ಮೇಲೆ ತಿಳಿಯುತ್ತಾರೆ: ಸದಸ್ಯತ್ವ ಕಾರ್ಡಿನಲ್ಲಿ ಹೆಸರಿರುವವರಿಗೆ ಮಾತ್ರ. ಬೇಸಿಗೆಗೆ ಬಂದಿರುವ ಅತ್ತೆ ಮಾವನಿಗೆ ಟಿಕೆಟ್ ಬೇರೆ ಕೊಳ್ಳಬೇಕು.

ಹಿರಿಯರನ್ನು ಕರೆದೊಯ್ಯುವವರು ಮತ್ತೊಂದನ್ನೂ ಯೋಚಿಸಬೇಕು. ಅರಮನೆಯ ಸುತ್ತಲಿನ ಉದ್ಯಾನದವರೆಗೆ ದಾರಿ ಚೆನ್ನಾಗಿದೆ. ಆದರೆ ಇಕ್‌ವರ್ತಿನ ನಿಜವಾದ ಸೊಗಸು ಇರುವುದು ಅದರಾಚೆಯ ಪಾರ್ಕಿನಲ್ಲಿ, ಅದನ್ನು ನೋಡಲು ಏರಿಳಿತದ ಹುಲ್ಲುದಾರಿಯಲ್ಲಿ ಮೈಲಿಗಟ್ಟಲೆ ನಡೆಯಬೇಕು, ಚಳಿಗಾಲದಲ್ಲಿ ಅದು ಅಪ್ಪಟ ಜೇಡಿಕೆಸರು. ಅಷ್ಟು ನಡೆಯಲಾಗದವರಿಗೆ ಕೊಟ್ಟ ಹಣಕ್ಕೆ ಸಿಗುವುದು ಅರಮನೆ ಮತ್ತು ಅದರ ಸುತ್ತಲಿನ ತೋಟ. ಕೆಲವರಿಗೆ ಅದೇ ಬೇಕಾದದ್ದು, ಅವರಿಗೆ ಒಳ್ಳೆಯದು. ಬರೀ ಹೂವು ಮತ್ತು ಬೆಂಚು ಬೇಕಿದ್ದರೆ ಊರೊಳಗಿನ ಉಚಿತ ಉದ್ಯಾನವೇ ಸಾಕು.

ಮರಳಿನ ಸೀಮೆ: ವೆಸ್ಟ್ ಸ್ಟೋ, ಲ್ಯಾಕ್‌ಫರ್ಡ್

ಚಳಿಗಾಲದಲ್ಲಿ ನಾನು ಜನರನ್ನು ವಾಯವ್ಯಕ್ಕೆ ಕಳುಹಿಸುತ್ತೇನೆ. ವೆಸ್ಟ್ ಸ್ಟೋ ಕಂಟ್ರಿ ಪಾರ್ಕ್ ಲಾರ್ಕ್ ನದಿಯ ದಂಡೆಯಲ್ಲಿ ಹರಡಿರುವ 125 ಎಕರೆಯ ಕುರುಚಲು ಬಯಲು ಮತ್ತು ಕಾಡು. ಇದರೊಳಗೆ ಆಂಗ್ಲೋ-ಸ್ಯಾಕ್ಸನ್ ಹಳ್ಳಿಯೊಂದನ್ನು ಮರು ನಿರ್ಮಿಸಿದ್ದಾರೆ. ಐದರಿಂದ ಏಳನೆಯ ಶತಮಾನದವರೆಗೆ ಜನ ಬಾಳಿದ್ದ ಹಳ್ಳಿ ಪಾಳುಬಿದ್ದ ಮೇಲೆ, ಮಧ್ಯಯುಗದಲ್ಲಿ ಗಾಳಿ ಹೊತ್ತು ತಂದ ಮರಳು ಅದನ್ನು ಮುಚ್ಚಿ ಕಾಪಾಡಿತು. 1965ರಿಂದ 1972ರವರೆಗೆ ಉತ್ಖನನ ನಡೆಯಿತು. ಅಗೆದಾಗ ಸಿಕ್ಕ ಕಂಬಗುಳಿಗಳ ಮೇಲೆಯೇ ಮರದ ಗೋಡೆ, ಹುಲ್ಲಿನ ಚಾವಣಿಯ ಮನೆಗಳನ್ನು ಎಬ್ಬಿಸಿದ್ದಾರೆ. ಒಳಗೆ ಕಾಲಿಟ್ಟರೆ ನಡುವೆ ಒಲೆ, ಹೊಗೆ ಹಿಡಿದ ತೊಲೆಗಳು, ಕಿಟಕಿಯಿಲ್ಲದ ಮಬ್ಬು. ಶಾಲೆಯಲ್ಲಿ ಈ ಕಾಲಘಟ್ಟವನ್ನು ಓದುತ್ತಿರುವ ಮಕ್ಕಳಿಗೆ ಪುಸ್ತಕದ ಹತ್ತು ಪುಟಕ್ಕಿಂತ ಇದು ಹೆಚ್ಚು ಕಲಿಸುತ್ತದೆ. ಹಳ್ಳಿಗೆ ಟಿಕೆಟ್ ಇದೆ. ಪಾರ್ಕಿನಲ್ಲಿ ಸುಮ್ಮನೆ ನಡೆಯಲು ಪಾರ್ಕಿಂಗ್ ಹಣ ಕೊಟ್ಟರೆ ಸಾಕು. ಆದ್ದರಿಂದ ಒಮ್ಮೆ ಟಿಕೆಟ್ ಕೊಂಡು ಹಳ್ಳಿಯನ್ನು ನಿಧಾನವಾಗಿ ನೋಡಿ, ಮುಂದಿನ ಸಲಗಳಲ್ಲಿ ಪಾರ್ಕಿಗಷ್ಟೇ ಹೋಗುವುದು ಕೈಗೆಟುಕುವ ದಾರಿ.

ಪಕ್ಕದಲ್ಲೇ ಐದನೆಯ ಜಾರ್ಜ್ ದೊರೆಯ ಆಳ್ವಿಕೆಯ 25ನೆಯ ವರ್ಷದ ನೆನಪಿಗೆ 1935ರಲ್ಲಿ ಹೆಸರಿಟ್ಟು ಬೆಳೆಸಿದ ಕಿಂಗ್ಸ್ ಫಾರೆಸ್ಟ್ ಇದೆ. ಪೈನ್ ಮರಗಳ ನಡುವಿನ ಅಗಲವಾದ ಮರಳುದಾರಿಗಳು ಮಳೆಯ ಮರುದಿನವೂ ಒಣಗಿರುತ್ತವೆ. ಸೈಕಲ್ಲಿಗೂ ಉದ್ದನೆಯ ನಡಿಗೆಗೂ ಚೆನ್ನ. ಆದರೆ ಅಲ್ಲಿ ಶೌಚಾಲಯವನ್ನೋ ಚಹಾವನ್ನೋ ನಿರೀಕ್ಷಿಸಬಾರದು, ಅವನ್ನು ವೆಸ್ಟ್ ಸ್ಟೋನಲ್ಲಿ ಮುಗಿಸಿಕೊಂಡೇ ಹೊರಡಬೇಕು. ಬೇಸಿಗೆಯಲ್ಲಿ ಬ್ರೇಕನ್ ಎಂಬ ಜರಿಗಿಡದ ಪೊದೆಗಳಲ್ಲಿ ನುಗ್ಗಿದರೆ ರಕ್ತ ಹೀರುವ ಉಣ್ಣೆಹುಳುಗಳು (ಟಿಕ್) ಹತ್ತುತ್ತವೆ. ಉದ್ದ ಪ್ಯಾಂಟು ಹಾಕಿ, ಮನೆಗೆ ಬಂದ ಮೇಲೆ ಮಕ್ಕಳ ಕಾಲು, ಕಂಕುಳು ನೋಡಬೇಕು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿರುವುದರಿಂದ ಮಾರ್ಚ್‌ನಿಂದ ಜುಲೈವರೆಗೆ ನಾಯಿಯನ್ನು ಹಗ್ಗದಿಂದ ಬಿಡಬಾರದು.

ಇದೇ ದಿಕ್ಕಿನ ಲ್ಯಾಕ್‌ಫರ್ಡ್ ಲೇಕ್ಸ್, ಸಫೋಕ್ ವೈಲ್ಡ್‌ಲೈಫ್ ಟ್ರಸ್ಟಿನ ಪಕ್ಷಿಧಾಮ. ಮರಳು, ಜಲ್ಲಿ ತೆಗೆದ ಗುಂಡಿಗಳು ನೀರು ತುಂಬಿ ಕೆರೆಗಳಾದವು. ಈಗ ಅವುಗಳ ದಂಡೆಯಲ್ಲಿ ಹಕ್ಕಿ ನೋಡಲು ಮರದ ಗುಡಿಸಲುಗಳಿವೆ. ಮಿಂಚುಳ್ಳಿಗೆ ಈ ಜಾಗ ಹೆಸರುವಾಸಿ. ವಸಂತದಲ್ಲಿ ನೈಟಿಂಗೇಲ್ ದನಿ, ಚಳಿಗಾಲದಲ್ಲಿ ಕೆರೆ ತುಂಬ ಬಾತುಗಳು. ಹೆಚ್ಚು ನಡೆಯಲಾಗದ ಆದರೆ ಗಂಟೆಗಟ್ಟಲೆ ಕುಳಿತು ನೋಡುವ ತಾಳ್ಮೆಯುಳ್ಳ ಹಿರಿಯರಿಗೆ ಇಕ್‌ವರ್ತಿಗಿಂತ ಇದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಗದ್ದಲ ಮಾಡುವ ವಯಸ್ಸಿನ ಮಕ್ಕಳಿಗೆ ಮತ್ತು ನಾಯಿಗೆ ಈ ಜಾಗ ತಕ್ಕದ್ದಲ್ಲ.

ವೆಸ್ಟ್ ಸ್ಟೋ, ಲ್ಯಾಕ್‌ಫರ್ಡ್ ಎರಡೂ ಬೆರಿಯಿಂದ ಆರೇಳು ಮೈಲಿ ದೂರ. ಕಾರಿಲ್ಲದವರಿಗೆ ಬೆರಿಯಿಂದ ಮಿಲ್ಡನ್‌ಹಾಲ್‌ವರೆಗೆ ಹದಿಮೂರು ಮೈಲಿ ಸಾಗುವ ಲಾರ್ಕ್ ವ್ಯಾಲಿ ಪಾತ್ ಎಂಬ ಕಾಲುದಾರಿ ಈ ಕಡೆಗೇ ಬರುತ್ತದೆ. ಬೇಸಿಗೆಯ ದೀರ್ಘ ಹಗಲಿನಲ್ಲಿ ಗಟ್ಟಿಮುಟ್ಟಾದವರಿಗೆ ಅದೇ ಒಂದು ಹಬ್ಬ. ಮಕ್ಕಳಿಗಾಗಲಿ ಡಿಸೆಂಬರ್‌ಗಾಗಲಿ ಅಲ್ಲ.

ಹೊರಗೆ ಹೋಗಲಾಗದ ದಿನ

ಗಾಳಿ ಮಳೆ ಬಿಡದ ದಿನ 1180ರ ಸುಮಾರಿಗೆ ಕಟ್ಟಿದ ಮಾಯ್ಸಸ್ ಹಾಲ್ ಇದೆ. 1899ರಿಂದ ಅದು ಊರಿನ ವಸ್ತುಸಂಗ್ರಹಾಲಯ, ಸಂತೆಯ ಚೌಕದಲ್ಲೇ ಇದೆ, ಎರಡು ಗಂಟೆಗೆ ಸಾಕು. ಸಂಜೆಗೆ 1819ರ ಥಿಯೇಟರ್ ರಾಯಲ್. ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ವಿನ್ಯಾಸಗೊಳಿಸಿದ ವಿಲಿಯಂ ವಿಲ್ಕಿನ್ಸ್ ಇದರ ವಾಸ್ತುಶಿಲ್ಪಿ. ಇಪ್ಪತ್ತನೆಯ ಶತಮಾನದಲ್ಲಿ ಕೆಲವು ದಶಕ ಪಕ್ಕದ ಬ್ರೂವರಿಯ ಪೀಪಾಯಿಗಳನ್ನು ಪೇರಿಸಿಡುವ ಗೋದಾಮಾಗಿದ್ದ ಇದು 1965ರಲ್ಲಿ ಮತ್ತೆ ರಂಗಮಂದಿರವಾಯಿತು. ಚಿಕ್ಕ ರಂಗಮಂದಿರವಾದ್ದರಿಂದ ನಟರು ಹತ್ತಿರ ಕಾಣುತ್ತಾರೆ. ಕ್ರಿಸ್‌ಮಸ್ ಹೊತ್ತಿನ ಪ್ಯಾಂಟೊಮೈಮ್ ಎಂಬ ಹಾಡು, ಹಾಸ್ಯದ ನಾಟಕ ಇಂಗ್ಲಿಷ್ ಅಷ್ಟಾಗಿ ಬಾರದ ಅಜ್ಜಿಗೂ ಅರ್ಥವಾಗುತ್ತದೆ. ಸಂಗೀತ ಬೇಕಿದ್ದವರಿಗೆ 2010ರಲ್ಲಿ ತೆರೆದ ಏಪೆಕ್ಸ್ ಸಭಾಂಗಣವಿದೆ. ಖರ್ಚಿನ ದೃಷ್ಟಿಯಿಂದ ಈ ಎರಡೂ ಇಕ್‌ವರ್ತಿನ ದಿನಕ್ಕಿಂತ ಅಗ್ಗವಲ್ಲ, ಆದ್ದರಿಂದ ತಿಂಗಳ ಬಜೆಟ್ಟಿನಲ್ಲಿ ಎರಡರಲ್ಲಿ ಒಂದನ್ನು ಆರಿಸುವುದು ಜಾಣತನ.

ಹಾಗಾದರೆ ನಿಮ್ಮ ಮನೆಗೆ ಯಾವುದು?

ಕಾರಿಲ್ಲದೆ, ಕೂಸಿನೊಡನೆ, ಬಿಗಿ ಬಜೆಟ್ಟಿನಲ್ಲಿ ಇರುವವರು ಆ್ಯಬಿ ಗಾರ್ಡನ್ಸನ್ನು ದಿನನಿತ್ಯದ ಜಾಗ ಮಾಡಿಕೊಳ್ಳಿ. ಸಾಧ್ಯವಾದರೆ ಮನೆ ಹುಡುಕುವಾಗಲೇ ಅದಕ್ಕೆ ನಡೆದುಹೋಗುವ ದೂರದಲ್ಲಿ ನೋಡಿ. ಸದಸ್ಯತ್ವದ ಯೋಚನೆ ಬೇಡ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಒಂದು ಕಾರು ಇರುವ ಮನೆಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನೌಟನ್ ಮತ್ತು ಇಕ್‌ವರ್ತ್, ನವೆಂಬರ್‌ನಿಂದ ಮಾರ್ಚ್‌ವರೆಗೆ ವೆಸ್ಟ್ ಸ್ಟೋ ಎಂದು ನಕ್ಷೆಯನ್ನು ಎರಡು ಭಾಗ ಮಾಡಿಕೊಂಡರೆ ಬಟ್ಟೆ ಒಗೆಯುವ ಕೆಲಸವೂ ಉಳಿಯುತ್ತದೆ. ಇಂಥವರಿಗೆ ಸದಸ್ಯತ್ವ ಸರಿ. ಅದನ್ನು ಚಳಿಗಾಲದಲ್ಲಿ ಕೊಳ್ಳದೆ ವಸಂತದಲ್ಲಿ ಕೊಂಡರೆ ಮೊದಲ ಆರು ತಿಂಗಳು ಪೂರ್ತಿ ಬಳಕೆಗೆ ಬರುತ್ತದೆ. ಒಂಟಿಯಾಗಿರುವವರು ಶನಿವಾರ ಬೆಳಿಗ್ಗೆ ನೌಟನ್ನಿಗೆ ಹೋಗಿ, ಅಲ್ಲಿಂದ ಊರಿಗೆ ಬಂದು ಸಂತೆಯಲ್ಲಿ ವಾರದ ತರಕಾರಿ ಕೊಳ್ಳಬಹುದು, ಎರಡು ಕೆಲಸವೂ ಮಧ್ಯಾಹ್ನದೊಳಗೆ ಮುಗಿಯುತ್ತವೆ.

ಕರ್ನಾಟಕದಿಂದ ತಂದೆ ತಾಯಿ ಬರುವುದಿದ್ದರೆ ಮೇ ಕೊನೆಯಿಂದ ಜುಲೈ ಮಧ್ಯದವರೆಗಿನ ಅವಧಿಯನ್ನು ಆರಿಸಿ. ಗುಲಾಬಿ ಅರಳಿರುತ್ತದೆ, ಸಂಜೆಯ ಬೆಳಕು ಉದ್ದ, ಶಾಲೆಯ ಬೇಸಿಗೆ ರಜೆ ಇನ್ನೂ ಆರಂಭವಾಗದೆ ವಾರದ ದಿನಗಳಲ್ಲಿ ಎಲ್ಲ ಕಡೆ ಜನ ಕಡಿಮೆ. ನೀವು ಕೆಲಸಕ್ಕೆ ಹೋದಾಗ ಅವರಿಬ್ಬರೇ ನಡೆದು ಹೋಗಿ ಬರಬಹುದಾದ ಜಾಗ ಆ್ಯಬಿ ಗಾರ್ಡನ್ಸ್ ಮಾತ್ರ. ಲ್ಯಾಕ್‌ಫರ್ಡ್ ಮತ್ತು ಇಕ್‌ವರ್ತ್‌ಗಳನ್ನು ನಿಮ್ಮ ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಆ ತಿಂಗಳುಗಳಲ್ಲೂ ಸಂಜೆಯ ಗಾಳಿ ತಣ್ಣಗಿರುತ್ತದೆ, ಅವರ ಚೀಲದಲ್ಲಿ ಒಂದು ಸ್ವೆಟರ್, ಕುಡಿಯುವ ನೀರು ಮತ್ತು ಉದ್ಯಾನದ ಬಾಗಿಲು ಹಾಕುವ ಸಮಯ ಬರೆದ ಚೀಟಿ ಇರಲಿ.